ಮುಂಗೈ ಹಗುರ, ತಕ್ಕಡಿ ಭಾರ

ಬೆಳಗಿನ ಆರೂವರೆ. ಹೊರಗೆ ಮೈನಸ್ ಇಪ್ಪತ್ತೆರಡು ಡಿಗ್ರಿ ಚಳಿ. ಕಲ್ಲಿದ್ದಲ ಹೊಗೆ ಊರಿನ ಮೇಲಿಂದ ಇನ್ನೂ ಎದ್ದಿಲ್ಲ. ಪ್ರಾಂತ್ಯದ ಆಸ್ಪತ್ರೆಯ ನೆಲಮಹಡಿಯ ಹನ್ನೊಂದನೇ ನಂಬರಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ದುಲ್ಮಾ ಒಂದು ಕಬ್ಬಿಣದ ಇಕ್ಕಳವನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಕೂತಿದ್ದಾರೆ. ಇಕ್ಕಳ ಅನ್ನುವುದು ಅವರಿಟ್ಟ ಹೆಸರು. ಅದು ಮುಷ್ಟಿಯ ಬಲವನ್ನು ಕಿಲೋ ಲೆಕ್ಕದಲ್ಲಿ ತೋರಿಸುವ ಯಂತ್ರ. "ತಣ್ಣಗಿರೋ ಕಬ್ಬಿಣ ಕೊಟ್ರೆ ಮುದುಕರು ಹಿಂಡೋದೇ ಇಲ್ಲ, ಸುಮ್ನೆ ಮುಟ್ಟಿ ಬಿಟ್ಟುಬಿಡ್ತಾರೆ. ಎರಡು ಕಿಲೋ ಕಮ್ಮಿ ಬರುತ್ತೆ. ಅದಕ್ಕೇ ಕಾವು ಕೊಡ್ತಾ ಇದೀನಿ," ಎನ್ನುತ್ತಾ ಇಕ್ಕಳವನ್ನು ಇನ್ನಷ್ಟು ಒಳಗೆ ತಳ್ಳಿಕೊಳ್ಳುತ್ತಾರೆ.

ಬಾಗಿಲಾಚೆ ಹದಿನಾಲ್ಕು ಜನ ಗೊಣಗುತ್ತಾ ಬೆಂಚಿನ ಮೇಲೆ ಕೂತಿದ್ದಾರೆ. ಬಿಳಿ ತಿಂಗಳ ಹೊಸವರ್ಷದ ಹಬ್ಬ ಮುಗಿದು ಇನ್ನೂ ಹತ್ತು ದಿನ. ಹಬ್ಬದ ದಿನ ಆಸ್ಪತ್ರೆಯಲ್ಲಿ ಮಲಗಿದವರು ವರ್ಷವಿಡೀ ಮಲಗುತ್ತಾರೆ ಅನ್ನುವ ಅಂಜಿಕೆ ಮಂಗೋಲಿಯಾದ ಈ ಬಯಲಿನವರಿಗೆ ಇದ್ದೇ ಇದೆ. ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ಗೊತ್ತಿದ್ದವರೂ ಹಬ್ಬ ಕಳೆಯುವ ತನಕ ಮನೆ ಬಿಟ್ಟು ಕದಲುವುದಿಲ್ಲ. ಕಳೆದದ್ದೇ ತಡ, ಕಟ್ಟೆ ಒಡೆದ ಹಾಗೆ ಬರುತ್ತಾರೆ. ಬಂದವರಿಗೆ ಅಳತೆ ಮುಗಿಯುವ ತನಕ ಚಹಾ ಇಲ್ಲ ಅನ್ನುವುದು ದುಲ್ಮಾ ಅವರ ಕಾನೂನು. ಉಪ್ಪು ಹಾಕಿದ ಹಾಲಿನ ಚಹಾ ಇಲ್ಲದ ಬೆಳಗನ್ನೇ ಕಾಣದ ಜನ ಇವರು. ಸಿಟ್ಟು ಬಾರದಿದ್ದರೆ ಕೇಳಿ.

"ನಮ್ಮ ಕಡೆ ನಾಯಿಗೂ ಬೆಳಿಗ್ಗೆ ಒಂದು ಗುಟುಕು ಹಾಕ್ತೀವಿ ಕಣಮ್ಮ," ಎಂದು ಬೆಂಚಿನಿಂದ ಒಬ್ಬ ಅಜ್ಜ ಕೂಗಿದರೆ, "ನಾಯಿಗೆ ಈ ವಾರ ಆಪರೇಷನ್ ಇಲ್ಲವಲ್ಲ ತಾತ," ಎಂದು ದುಲ್ಮಾ ಒಳಗಿನಿಂದಲೇ ಉತ್ತರಿಸುತ್ತಾರೆ. ಬೆಂಚು ನಗುತ್ತದೆ.

ಐದನೆಯವರಾಗಿ ಒಳಗೆ ಬರುವವರು ಚೊಯ್ಜಿಲ್. ಅರವತ್ನಾಲ್ಕು ವರ್ಷ, ನೂರೆಂಬತ್ತು ಕಿಲೋಮೀಟರ್ ದೂರದ ಹುಲ್ಲುಗಾವಲಿನ ಕುದುರೆಗಾರ. ಓಟದ ಕುದುರೆಗಳನ್ನು ಪಂದ್ಯಕ್ಕೆ ಅಣಿಮಾಡುವುದರಲ್ಲಿ ಆ ಸೀಮೆಗೆಲ್ಲ ಹೆಸರಾದವರು. ಜೊತೆಯಲ್ಲಿ ಹೆಂಡತಿ ಬಾಲ್ಜಿದ್. ಜಠರದ ಕೆಳಬಾಯಿಯ ಹತ್ತಿರ ಗಡ್ಡೆಯಿದೆ, ಕ್ಯಾನ್ಸರ್ ಎಂದು ಖಾತ್ರಿಯಾಗಿದೆ. ಇಂದು ಸೋಮವಾರ, ಶಸ್ತ್ರಚಿಕಿತ್ಸೆ ಗುರುವಾರಕ್ಕೆ ಗೊತ್ತಾಗಿದೆ.

ಹಬ್ಬದ ನಂತರ ಮೊದಲ ಸಲ ಎದುರಾದವರು ಪದ್ಧತಿಯಂತೆ ವಂದಿಸಬೇಕು. ಕಿರಿಯರು ಎರಡೂ ಕೈ ಚಾಚಿ, ಅಂಗೈ ಮೇಲೆ ಮಾಡಿ, ಹಿರಿಯರ ಮುಂಗೈಗಳನ್ನು ಕೆಳಗಿನಿಂದ ಹೊತ್ತುಕೊಳ್ಳಬೇಕು. ದುಲ್ಮಾ ಅವರಿಗೆ ಐವತ್ತೇಳು. ಎದ್ದು ನಿಂತು, ಚೊಯ್ಜಿಲ್ ಅವರ ಮುಂಗೈಗಳ ಭಾರವನ್ನು ತಮ್ಮ ಅಂಗೈಗಳ ಮೇಲೆ ತೆಗೆದುಕೊಂಡು, "ಸುಖವಾಗಿ ಚಳಿಗಾಲ ಕಳೆದ್ರಾ ಅಣ್ಣ?" ಎಂದು ಕೇಳುತ್ತಾರೆ. ನೋಡುವವರಿಗೆ ಅದು ವಂದನೆ. ಅವರಿಗೆ ಮೊದಲ ಅಳತೆಯೂ ಅದೇ. ಕುರಿಚರ್ಮದ ದಪ್ಪ ತೋಳಿನೊಳಗಿಂದ ಬಂದ ಭಾರ ಇಷ್ಟೇ ಇಷ್ಟು ಎನ್ನುವುದು ಅವರ ಅಂಗೈಗೆ ಆಗಲೇ ತಿಳಿದಿದೆ. ಮುಖದಲ್ಲಿ ಏನೂ ತೋರಿಸುವುದಿಲ್ಲ.

"ಈ ಹಬ್ಬದಲ್ಲಿ ಕಡುಬು ಎಷ್ಟು ತಿಂದ್ರಿ?"

"ಎಣಿಸ್ಕೊಂಡು ತಿಂತಾರಾ ಯಾರಾದ್ರೂ?"

"ಹೋದ ವರ್ಷ ಒಂದೇ ಸಲಕ್ಕೆ ಇಪ್ಪತ್ತೆರಡು," ಎಂದು ಬಾಲ್ಜಿದ್ ಬಾಯಿ ಹಾಕುತ್ತಾರೆ. "ಈ ವರ್ಷ ಮೂರು. ಅದ್ರಲ್ಲೂ ಒಂದನ್ನ ಮೊಮ್ಮಗಳ ತಟ್ಟೆಗೆ ಜಾರಿಸಿದ್ರು. ನಾನು ನೋಡ್ದೆ."

ಊಟ ಹೇಗೆ ಸೇರುತ್ತಿದೆ, ಎಷ್ಟು ತಿಂಗಳಿಂದ ಸೇರುತ್ತಿಲ್ಲ ಎಂದು ದೊಡ್ಡ ಆಸ್ಪತ್ರೆಗಳಲ್ಲಿ ಎರಡು ಪುಟದ ಪ್ರಶ್ನೆ ಇರುತ್ತದಂತೆ. ದುಲ್ಮಾ ಅವರಿಗೆ ಹಬ್ಬದ ಮಾಂಸದ ಕಡುಬು ಸಾಕು. ಸಾವಿರಗಟ್ಟಲೆ ಹಿಚುಕಿ ಮಾಡಿ, ಬಂದವರಿಗೆಲ್ಲ ಬಡಿಸಿ, ಯಾರು ಎಷ್ಟು ತಿಂದರೆಂದು ವರ್ಷವಿಡೀ ಆಡಿಕೊಳ್ಳುವ ಜನ ಈ ಲೆಕ್ಕವನ್ನು ಮರೆಯುವುದಿಲ್ಲ.

ಬಿಸಿಯಾದ ಇಕ್ಕಳ ಈಗ ಚೊಯ್ಜಿಲ್ ಕೈಗೆ ಬರುತ್ತದೆ. ಹಿಂಡಿದರೆ ಮೂವತ್ತಮೂರು ಕಿಲೋ. ಯಾವ ತಕರಾರೂ ಇಲ್ಲದ ಹಿಡಿತ. ತಕ್ಕಡಿ ಹತ್ತಿಸಿದರೆ ಅರವತ್ತೆಂಟು. ಇಲ್ಲಿ ನಿಲುವಂಗಿ ಬಿಚ್ಚಿಸಿ ತೂಗುವ ರೂಢಿಯಿಲ್ಲ. ಗಂಡಸು ಪರರ ಮುಂದೆ ನಡುಪಟ್ಟಿ ಬಿಚ್ಚುವುದು ಮಾನಕ್ಕೆ ಸರಿಯಲ್ಲ, ಕೋಣೆಯೂ ಥಂಡಿ. ಹಾಗಾಗಿ ಚಳಿಗಾಲದ ಕುರಿಚರ್ಮದ ಅಂಗಿಗೆ ನಾಲ್ಕು ಕಿಲೋ ಕಳೆದು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಅರವತ್ನಾಲ್ಕಾಯಿತು. ದುಲ್ಮಾ ಬರೆಯುವುದಿಲ್ಲ. ಪೆನ್ನು ಹಿಡಿದುಕೊಂಡೇ, "ಈ ಗಿಡ್ಡ ಮಣೆ ಮೇಲೆ ಕೂತು, ಕೈ ಊರದೆ ಐದು ಸಲ ಏಳಿ ಅಣ್ಣ," ಎನ್ನುತ್ತಾರೆ.

ಚೊಯ್ಜಿಲ್ ಕೂತು ಏಳುತ್ತಾರೆ. ಎರಡನೆಯ ಸಲಕ್ಕೇ ತೊಡೆ ನಡುಗುತ್ತದೆ. ಅವರು ಎದ್ದ ಮೇಲೆ ನಡುಪಟ್ಟಿಯ ಮೇಲೆ ಚೀಲದಂತೆ ಉಬ್ಬಿದ ಅಂಗಿಯ ಎದೆಮಡಿಲು ನಿಧಾನವಾಗಿ, ಜೋತುಬಿದ್ದು ಮೇಲೇಳುತ್ತದೆ.

"ಒಳಗೇನಿದೆ ಅಣ್ಣ?"

"ನನ್ನ ಮೈ ಇದೆ. ಇನ್ನೇನಿರುತ್ತೆ?"

ಬಾಲ್ಜಿದ್ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದತೊಡಗುತ್ತಾರೆ.

ದುಲ್ಮಾ ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಈ ಆಸ್ಪತ್ರೆಗೆ ಬರುವ ಮೊದಲು ಏಳು ವರ್ಷ ಅವರು ಕುರಿ ತೂಗಿದವರು. ಹದಿನೆಂಟನೆಯ ವಯಸ್ಸಿಗೇ ಸರ್ಕಾರಿ ಮಾಂಸದ ಕಾರ್ಖಾನೆಯ ಅಂಗಳದಲ್ಲಿ, ಹಿಂಡು ಹಿಂಡಾಗಿ ಬರುವ ಆಡುಕುರಿಗಳನ್ನು ತಕ್ಕಡಿಗೆ ಹತ್ತಿಸಿ ತೂಕ ಕೂಗಿ ಹೇಳುವ ಕೆಲಸ. ಮಾಲೀಕರು ಹಿಂದಿನ ದಿನ ಕುರಿಗಳಿಗೆ ಉಪ್ಪು ನೆಕ್ಕಿಸಿ, ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತರುತ್ತಿದ್ದರು. ಒಂದೊಂದಕ್ಕೂ ಮೂರು ಕಿಲೋ ಹೆಚ್ಚು ತೂಗುತ್ತಿತ್ತು. "ತಕ್ಕಡಿಗೆ ಮೋಸ ಮಾಡಬಹುದು. ಬೆನ್ನಿಗೆ ಆಗಲ್ಲ," ಎನ್ನುತ್ತಾರೆ. ಅಪ್ಪ ಕಲಿಸಿದ್ದು ಅದು. ಶರತ್ಕಾಲದಲ್ಲಿ ಅಪ್ಪ ಹಿಂಡಿನ ನಡುವೆ ನಡೆಯುತ್ತಾ ಒಂದೊಂದು ಕುರಿಯ ಸೊಂಟದ ಮೇಲೆ ಕೈಯಿಟ್ಟು, ಇದು ವಸಂತದವರೆಗೆ ಬದುಕುತ್ತದೆ, ಇದು ಇಲ್ಲ ಎಂದು ಬೇರೆ ಮಾಡುತ್ತಿದ್ದರಂತೆ. ಬದುಕದ್ದನ್ನು ಚಳಿಗಾಲದ ಮಾಂಸಕ್ಕೆ ಕಡಿಯುವುದು. ನೂರರಲ್ಲಿ ಮೂರೋ ನಾಲ್ಕೋ ತಪ್ಪುತ್ತಿತ್ತು.

ತೊಂಬತ್ತರ ದಶಕದಲ್ಲಿ ಕಾರ್ಖಾನೆ ಮುಚ್ಚಿತು. ದುಲ್ಮಾ ಈ ಆಸ್ಪತ್ರೆಗೆ ನೆಲ ಒರೆಸಲು ಸೇರಿದರು, ಆಮೇಲೆ ಹಾಸಿಗೆ ಬದಲಿಸಲು. ಎಂಟು ವರ್ಷದ ಹಿಂದೆ ಶಸ್ತ್ರವೈದ್ಯ ಡಾ. ಒತ್ಗೋನ್ ರಾಜಧಾನಿಯಿಂದ ಬಂದಾಗ ಚೀಲದಲ್ಲಿ ಒಂದು ಇಕ್ಕಳವನ್ನೂ ತಲೆಯಲ್ಲಿ ಒಂದು ಪ್ರಶ್ನೆಯನ್ನೂ ತಂದಿದ್ದರು. ಒಂದೇ ಅಳತೆಯ ಗಡ್ಡೆ, ಒಂದೇ ಕೈ ಮಾಡಿದ ಶಸ್ತ್ರಚಿಕಿತ್ಸೆ. ಆದರೂ ಒಬ್ಬ ಐದು ವರ್ಷ ಬದುಕಿ ಮೊಮ್ಮಕ್ಕಳ ಮದುವೆ ಮಾಡುತ್ತಾನೆ, ಇನ್ನೊಬ್ಬ ಒಂದು ವರ್ಷ ದಾಟುವುದಿಲ್ಲ. ಯಾಕೆ? "ಗಡ್ಡೆ ಎಷ್ಟು ದೊಡ್ಡದು ಅಂತ ನಾನು ನೋಡ್ತೀನಿ. ಅದನ್ನ ಹೊತ್ಕೊಂಡಿರೋ ಮನುಷ್ಯ ಎಷ್ಟು ಗಟ್ಟಿ ಅಂತ ಅಕ್ಕ ನೋಡ್ತಾರೆ," ಎನ್ನುತ್ತಾರೆ ನಲವತ್ತೊಂದು ವರ್ಷದ ಈ ವೈದ್ಯರು. ಅಳೆಯುವ ಕೆಲಸಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ. ಸಂಬಳ ಹೆಚ್ಚಿಲ್ಲ, ಹುದ್ದೆಗೊಂದು ಹೆಸರಿಲ್ಲ. ಇಂದಿಗೂ ಹಾಜರಿ ಪುಸ್ತಕದಲ್ಲಿ ದುಲ್ಮಾ 'ಸಹಾಯಕಿ'.

ಅವರು ಅಳೆಯುವುದು ಮಾಂಸಖಂಡವನ್ನು. ಅದರ ಜೊತೆಗೆ ರಕ್ತಪರೀಕ್ಷೆಯಿಂದ ಇನ್ನೊಂದು ಅಂಕಿ ಬರುತ್ತದೆ, ಉರಿಯೂತದ್ದು. ಆರೋಗ್ಯವಂತರಲ್ಲಿ ಐದರ ಒಳಗೆ ಇರಬೇಕಾದ್ದು ಕೆಲವರಲ್ಲಿ ನಲವತ್ತು, ಅರವತ್ತು ಆಗಿರುತ್ತದೆ. ಹೊರಗೆ ಜ್ವರವಿಲ್ಲ, ಬಾವು ಕಾಣುವುದಿಲ್ಲ. ಒಳಗೊಳಗೇ ಮೈ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿರುತ್ತದೆ. ಉರಿಯೂತ ಅಂದರೆ ಏನೆಂದು ದುಲ್ಮಾ ಮೊದಲು ಕೇಳಿದಾಗ ಡಾಕ್ಟರು ಅರ್ಧ ಗಂಟೆ ವಿವರಿಸಿದರಂತೆ. "ಬೂದಿ ಮುಚ್ಚಿದ ಕೆಂಡ ಅನ್ನಿ," ಎಂದು ಇವರು ಒಂದೇ ಮಾತಿನಲ್ಲಿ ಮುಗಿಸಿದರು. "ಒಲೇಲಿ ಉರಿ ಕಾಣಲ್ಲ, ಬೆಳಿಗ್ಗೆ ನೋಡಿದ್ರೆ ಸಗಣಿ ಬೆರಣಿಯೆಲ್ಲ ಖಾಲಿ." ಎಂಟು ವರ್ಷದಲ್ಲಿ ಹೊಟ್ಟೆಯ ಕ್ಯಾನ್ಸರಿನ ನಾನೂರ ಹನ್ನೆರಡು ಜನರನ್ನು ಅವರು ಅಳೆದಿದ್ದಾರೆ. ಬೇರೆ ಕಾಯಿಲೆಯವರೂ ಸೇರಿದರೆ ದಿನಕ್ಕೆ ಹನ್ನೆರಡರಿಂದ ಹದಿನೆಂಟು ಜನ. ಒಬ್ಬೊಬ್ಬರ ಎರಡೂ ಕೈ ಮೂರು ಮೂರು ಸಲ. ಅವರ ಕಾಗದಗಳಲ್ಲಿ ಕಂಡದ್ದು ಇಷ್ಟು: ಮೈಯಲ್ಲಿ ಮಾಂಸವಿದ್ದು ಕೆಂಡವಿಲ್ಲದವರು ಬಹಳ ಮಂದಿ ಉಳಿದಿದ್ದಾರೆ. ಮಾಂಸವೂ ಕರಗಿ ಕೆಂಡವೂ ಇದ್ದವರು ಬಹಳ ಮಂದಿ ಉಳಿದಿಲ್ಲ. ಯಾಕೆ, ಯಾವುದರಿಂದ ಯಾವುದು ಎಂದು ಡಾಕ್ಟರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಆದರೆ ಇಕ್ಕಳವೂ ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿದವರು ಡಾಕ್ಟರಲ್ಲ. ಆರು ವರ್ಷದ ಹಿಂದೆ ಒಂಬತ್ತು ಮಕ್ಕಳ ತಾಯಿಯೊಬ್ಬಳು ಬಂದಿದ್ದಳು. ಹಿಂಡಿದಳು, ಇಪ್ಪತ್ತೇಳು ಕಿಲೋ. ಪಟ್ಟಣದ ಹೆಂಗಸರಿಗೆ ಇಪ್ಪತ್ತು ಬಂದರೆ ಹೆಚ್ಚು. ದುಲ್ಮಾ 'ಗಟ್ಟಿ' ಎಂದು ಬರೆದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಆಕೆ ಮಾತ್ರ ಹಾಸಿಗೆಯಿಂದ ಏಳಲೇ ಇಲ್ಲ. ಹನ್ನೊಂದನೆಯ ದಿನ ಹೋಗಿಬಿಟ್ಟಳು. ಶವಕ್ಕೆ ಬಟ್ಟೆ ತೊಡಿಸುವಾಗ ದುಲ್ಮಾ ಕಾಲು ನೋಡಿದರು; ಕಡ್ಡಿಯ ಹಾಗಿತ್ತು. ಐವತ್ತು ವರ್ಷ ದಿನಕ್ಕೆರಡು ಹೊತ್ತು ಕುರಿ, ಆಡು, ಹಸು, ಹೆಣ್ಣುಕುದುರೆ ಕರೆದ ಕೈ ಅದು. ಮೈಯೆಲ್ಲ ಕರಗಿದ ಮೇಲೂ ಆ ಕೈ ಕರಗಿರಲಿಲ್ಲ. "ಹಾಲು ಕರೆಯೋ ಕೈಗೆ ನಾನು ಮರುಳಾದೆ. ನಾನೇ ಕರೆದು ಬೆಳೆದವಳು, ನನಗೆ ಗೊತ್ತಾಗ್ಬೇಕಿತ್ತು," ಎನ್ನುವಾಗ ಇಂದಿಗೂ ಅವರು ತಲೆ ಎತ್ತುವುದಿಲ್ಲ. ಮರುದಿನ ಡಾಕ್ಟರ ಬಾಗಿಲಲ್ಲಿ ನಿಂತು, ನಮ್ಮವರ ಕೈ ನಂಬಬೇಡಿ, ಕಾಲು ಅಳೆಯೋಣ ಎಂದರು. ಡಾಕ್ಟರು ಹಳೆಯ ಸ್ಕ್ಯಾನ್ ಚಿತ್ರಗಳನ್ನೆಲ್ಲ ತೆಗೆದು, ಸೊಂಟದ ಮಟ್ಟದಲ್ಲಿ ಯಾರಿಗೆ ಎಷ್ಟು ಮಾಂಸವಿತ್ತೆಂದು ಒಂದು ವಾರ ಕೂತು ನೋಡಿದರು. ಅಕ್ಕ ಹೇಳಿದ್ದೇ ಸರಿಯಾಗಿತ್ತು. ಅಂದಿನಿಂದ ಮೀನಖಂಡಕ್ಕೆ ಟೇಪು ಸುತ್ತುವುದು, ಮಣೆಯಿಂದ ಐದು ಸಲ ಏಳಿಸುವುದು ಕಡ್ಡಾಯವಾಯಿತು. ಇದನ್ನೆಲ್ಲ ಡಾಕ್ಟರು ಹೊರದೇಶದ ಸಭೆಯೊಂದರಲ್ಲಿ ಓದಿ ಬಂದರು. ಓದಿದ ಕಾಗದದಲ್ಲಿ ಐದು ಜನರ ಹೆಸರಿದೆ. ಆ ಐದರಲ್ಲಿ ದುಲ್ಮಾ ಇಲ್ಲ.

ಹನ್ನೊಂದನೇ ಕೋಣೆಯಲ್ಲಿ ಈಗ ಚೊಯ್ಜಿಲ್ ಎದೆಮಡಿಲಿಗೆ ಕೈ ಹಾಕಿದ್ದಾರೆ. ಒಳಗಿನಿಂದ ಎರಡು ಸಂಕೋಲೆ ಹೊರಗೆ ಬರುತ್ತವೆ. ಕಳ್ಳರು ಕುದುರೆ ಒಯ್ಯದಂತೆ ಅದರ ಕಾಲಿಗೆ ಹಾಕಿ ಬೀಗ ಜಡಿಯುವ ಕಬ್ಬಿಣ, ಒಂದೊಂದು ಮೂರು ಕಿಲೋ. ಸದ್ದಾಗದಂತೆ ಅವನ್ನು ಉಣ್ಣೆಯ ಚೀಲದಲ್ಲಿ ಹಾಕಿ ಹೊಲಿಯಲಾಗಿದೆ.

"ಹೊಲಿದವಳು ನಾನೇ," ಎನ್ನುತ್ತಾರೆ ಬಾಲ್ಜಿದ್, ಕ್ಯಾಲೆಂಡರಿನ ಕಡೆಗೇ ನೋಡುತ್ತಾ.

"ಯಾಕಣ್ಣ ಇದೆಲ್ಲ?"

"ತೂಕ ಕಮ್ಮಿ ಬಂದ್ರೆ ನೀವು ಕುಯ್ಯಲ್ಲ, ವಾಪಸ್ ಕಳಿಸ್ತೀರಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ತಮ್ಮನಿಗೂ ಇದೇ ಕಾಯಿಲೆ. ಬೇರೆ ಊರಲ್ಲಿ ತೋರಿಸಿದ್ವಿ. ಮೈ ಸುಧಾರಿಸ್ಕೊಂಡು ಆಮೇಲೆ ಬಾ ಅಂದ್ರು. ಹೋದ. ಆಮೇಲೆ ಅನ್ನೋದು ಅವನಿಗೆ ಬರಲೇ ಇಲ್ಲ." ಚೊಯ್ಜಿಲ್ ಸಂಕೋಲೆಗಳನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸುತ್ತಾರೆ. "ತಂಗಿ, ನಾನು ಇಟ್ಕೊಳ್ಳಲಿಲ್ಲ, ನೀನು ನೋಡಲಿಲ್ಲ. ಅರವತ್ನಾಲ್ಕು ಅಂತ ಬರೆದುಬಿಡು. ಸತ್ರೆ ಕತ್ತಿ ಕೆಳಗೆ ಸಾಯ್ತೀನಿ, ಕಾಯ್ತಾ ಕಾಯ್ತಾ ಸಾಯಲ್ಲ."

ಈ ಮನುಷ್ಯ ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದು ದುಲ್ಮಾ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೈ ಕಟ್ಟಿಕೊಂಡು ಬನ್ನಿ ಎಂದು ಹೋದ ವರ್ಷ ಮನೆಗೆ ಕಳಿಸಿದ ಒಂಬತ್ತು ಜನರಲ್ಲಿ ಮರಳಿ ಬಂದವರು ನಾಲ್ಕೇ. ನಿಜ ಬರೆದರೆ ಇವರು ಎದ್ದು ಹೋಗಿಬಿಡಬಹುದು. ಸುಳ್ಳು ಬರೆದರೆ ಗುರುವಾರ ಮೇಜಿನ ಮೇಲೆ ಮಲಗುತ್ತಾರೆ, ಆಮೇಲೆ ಆ ತಾಯಿಯ ಹಾಗೆ ಹನ್ನೊಂದು ದಿನ. ಯಾವ ಕಡೆ ಪೆನ್ನು ಇಟ್ಟರೂ ಒಂದು ಜೀವದ ಮೇಲೇ ಇಟ್ಟ ಹಾಗೆ. ಟೇಪು ತೆಗೆದು ಮೀನಖಂಡ ಸುತ್ತಿದರೆ ಇಪ್ಪತ್ತೊಂಬತ್ತು ಸೆಂಟಿಮೀಟರ್. ಅವರಷ್ಟು ಎತ್ತರದ ಗಂಡಸಿಗೆ ಮೂವತ್ತನಾಲ್ಕಾದರೂ ಇರಬೇಕಿತ್ತು. ತೂಕದ ಜಾಗದಲ್ಲಿ ಐವತ್ತೆಂಟು ಎಂದು ಬರೆಯುತ್ತಾರೆ.

"ನೀನೂ ಒಂದು ಹೆಂಗಸಾ?" ಎನ್ನುತ್ತಾರೆ ಚೊಯ್ಜಿಲ್.

ಮಧ್ಯಾಹ್ನ ರಕ್ತದ ಫಲಿತಾಂಶ ಬರುತ್ತದೆ, ಉರಿಯೂತ ನಲವತ್ತೊಂದು. ಡಾ. ಒತ್ಗೋನ್ ಎರಡೂ ಅಂಕಿಗಳನ್ನು ನೋಡಿ ಗುರುವಾರದ ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತಾರೆ. ಮೂರು ವಾರ ತಡವಾದರೆ ಈ ಗಡ್ಡೆಯ ವಿಷಯದಲ್ಲಿ ಆಗುವ ನಷ್ಟಕ್ಕಿಂತ ಈ ಮೈಯಲ್ಲಿ ಕತ್ತಿ ಇಟ್ಟರೆ ಆಗುವ ನಷ್ಟ ದೊಡ್ಡದು ಎನ್ನುವುದು ಅವರ ಲೆಕ್ಕ. ಚೊಯ್ಜಿಲ್ ಟೋಪಿ ಹಾಕಿಕೊಳ್ಳುತ್ತಾರೆ. ಹೆಂಡತಿಗೆ, ನಡಿ, ಜೀಪು ನೋಡು ಎನ್ನುತ್ತಾರೆ. ದುಲ್ಮಾ ಮೆಟ್ಟಿಲ ಹತ್ತಿರ ಅಡ್ಡ ನಿಲ್ಲುತ್ತಾರೆ.

"ಅಣ್ಣ, ಒಂದು ಮಾತು. ಪಂದ್ಯಕ್ಕೆ ಇನ್ನು ಮೂರು ದಿನ ಇದೆ ಅನ್ನಿ. ಯಾರೋ ನಿಮ್ಮ ಹತ್ರ ಒಂದು ಕುದುರೆ ತಂದ್ರು. ಸೊಂಟ ಒಣಗಿದೆ, ತೊಡೆ ಇಳಿದಿದೆ, ನಿಂತಲ್ಲೇ ಬೆವರುತ್ತೆ. ಓಡಿಸ್ತೀರಾ?"

"ಯಾವ ಕತ್ತೆ ಓಡಿಸ್ತಾನೆ?"

"ಏನು ಮಾಡ್ತೀರಿ?"

ಬಾಲ್ಜಿದ್ ಉತ್ತರಿಸುತ್ತಾರೆ. "ಇಪ್ಪತ್ತೊಂದು ದಿನ ಕಟ್ಟಿ ಹಾಕ್ತಾರೆ. ಹಿಡಿ ಹಿಡಿ ಹುಲ್ಲು ಕೊಡ್ತಾರೆ, ಹೊತ್ತು ಹೊತ್ತಿಗೆ ನಡೆಸ್ತಾರೆ. ಆ ಇಪ್ಪತ್ತೊಂದು ದಿನ ಹೆಂಡತಿ ಬದುಕಿದ್ದಾಳಾ ಅಂತಾನೂ ಕೇಳಲ್ಲ."

"ಅಷ್ಟೇ ದಿನ ನಾನೂ ಕೇಳ್ತಿರೋದು," ಎನ್ನುತ್ತಾರೆ ದುಲ್ಮಾ. "ಊರಿಗೆ ಹೋಗ್ಬೇಡಿ. ಇಲ್ಲೇ ಇರಿ. ಕುದುರೆಯೂ ನೀವೇ, ಪಳಗಿಸೋರೂ ನೀವೇ. ದಿನಾ ಬೆಳಿಗ್ಗೆ ನನ್ನ ಹತ್ರ ನಡ್ಕೊಂಡು ಬನ್ನಿ. ಬರದೆ ಹೋದ್ರೆ ಆ ಸಂಕೋಲೆ ನನ್ನ ಮೇಜಿನ ಮೇಲೇ ಇರುತ್ತೆ, ನಿಮ್ಮ ಕುದುರೆ ಯಾರೋ ಹೊಡ್ಕೊಂಡು ಹೋಗ್ತಾರೆ."

ಊರಂಚಿನ ದಿಬ್ಬದ ಮೇಲೆ ಬಾಲ್ಜಿದ್ ಅವರ ಸೋದರತ್ತೆಯ ಮಗಳ ಗುಡಾರವಿದೆ, ಅರ್ಧ ಗಂಟೆಯ ನಡಿಗೆ. ಗಂಡ ಹೆಂಡತಿ ಅಲ್ಲಿ ಉಳಿಯುತ್ತಾರೆ. ಮೊದಲ ಮೂರು ದಿನ ಚೊಯ್ಜಿಲ್ ಬಂದು, ಅಳೆಸಿಕೊಂಡು, ಒಂದು ಮಾತೂ ಆಡದೆ ಹೋಗುತ್ತಾರೆ. ನಾಲ್ಕನೆಯ ದಿನ ಬಾಯಿ ಬಿಡುತ್ತಾರೆ. "ಆ ಟೇಪು ಸುತ್ತೋ ಜಾಗ ಸರಿ ಇಲ್ಲ. ಕುದುರೇಲಿ ನಾವು ನೋಡೋದು ತೊಡೆಯ ಹಿಂಭಾಗ. ಹೊಟ್ಟೆ ಇಳೀಬೇಕು, ಅದು ಇಳೀಬಾರದು." ದುಲ್ಮಾ ಅಲ್ಲಿಯೂ ಸುತ್ತಿ ಬರೆದುಕೊಳ್ಳುತ್ತಾರೆ. ಅಂದಿನಿಂದ ಇಬ್ಬರದೂ ಚರ್ಚೆಯೋ ಚರ್ಚೆ. ಕುದುರೆಯ ಬೆವರು ನೆಕ್ಕಿ ನೋಡಿದರೆ ಒಳಗಿನ ಉರಿ ಗೊತ್ತಾಗುತ್ತದೆಂದು ಚೊಯ್ಜಿಲ್. ನಿಮ್ಮ ಬೆವರು ನೆಕ್ಕುವವರು ಯಾರು, ನಾನಂತೂ ಅಲ್ಲ ಎಂದು ದುಲ್ಮಾ. ಊಟ ದಿನಕ್ಕೆ ಆರು ಸಲ. ಅರೆದ ಮಾಂಸ, ಮೊಸರು, ಎಲುಬಿನ ಸಾರು, ಎಲ್ಲವೂ ಅಂಗೈಯಷ್ಟು. ಬಾಲ್ಜಿದ್ ಗಡಿಯಾರ ಹಿಡಿದು ಕಾಯುತ್ತಾರೆ. "ನಲವತ್ತು ವರ್ಷ ಈ ಮನುಷ್ಯ ಕುದುರೆಗೆ ಮಾಡಿದ್ದನ್ನ ನಾನೀಗ ಇವರಿಗೆ ಮಾಡ್ತಿದೀನಿ. ಕುದುರೇನೇ ವಾಸಿ, ರುಚಿ ಇಲ್ಲ ಅನ್ನಲ್ಲ."

ಎರಡನೆಯ ವಾರ ಚೊಯ್ಜಿಲ್ ಮಾಂಸವನ್ನು ಎಡಗಡೆಯ ಹಲ್ಲಲ್ಲೇ ಅಗಿಯುತ್ತಿರುವುದನ್ನು ದುಲ್ಮಾ ಗಮನಿಸುತ್ತಾರೆ. ಬಾಯಿ ತೆರೆಸಿದರೆ ಬಲದವಡೆಯ ಹಿಂದಿನ ಎರಡು ಹಲ್ಲಿನ ಬುಡದಲ್ಲಿ ಕೀವು. ಎಷ್ಟು ದಿನದಿಂದ ಎಂದರೆ, ಹೊಟ್ಟೇಲೇ ಕ್ಯಾನ್ಸರ್ ಇರುವಾಗ ಹಲ್ಲಿನ ಮಾತು ಯಾರು ಆಡ್ತಾರೆ ಎನ್ನುತ್ತಾರೆ ಚೊಯ್ಜಿಲ್. ಅದೇ ಸಂಜೆ ಎರಡೂ ಹಲ್ಲು ಕೀಳಿಸಲಾಗುತ್ತದೆ. ವಾರದ ಬಳಿಕ ಉರಿಯೂತ ಹದಿಮೂರಕ್ಕೆ ಇಳಿದಿದೆ. ಕೆಂಡದಲ್ಲಿ ಎಷ್ಟು ಪಾಲು ಹಲ್ಲಿನದು, ಎಷ್ಟು ಗಡ್ಡೆಯದು ಎಂದು ಡಾಕ್ಟರಿಗೂ ಸರಿಯಾಗಿ ಹೇಳಲು ಆಗುವುದಿಲ್ಲ.

ಇಪ್ಪತ್ತೊಂದನೆಯ ದಿನ ಮೀನಖಂಡ ಮೂವತ್ತು. ಒಂದು ಸೆಂಟಿಮೀಟರ್ ಏರಿದೆ, ಅಷ್ಟೆ ಎಂದು ಓದುವವರು ಅನ್ನಬಹುದು. ದುಲ್ಮಾ ಅದನ್ನು ಎರಡು ಸಲ ಅಳೆಯುತ್ತಾರೆ, ಬಾಲ್ಜಿದ್ ಮೂರನೆಯ ಸಲ ಅಳೆಯಿರಿ ಎನ್ನುತ್ತಾರೆ. ಮಣೆಯಿಂದ ಐದು ಸಲ ಏಳಲು ಮೊದಲು ಹತ್ತೊಂಬತ್ತು ಸೆಕೆಂಡು ಬೇಕಾಗಿತ್ತು, ಈಗ ಹದಿಮೂರು ಸಾಕು. "ಗೆಲ್ಲೋ ಕುದುರೆ ಅಲ್ಲ," ಎನ್ನುತ್ತಾರೆ ಚೊಯ್ಜಿಲ್ ತಮ್ಮ ಕಾಲನ್ನೇ ಒತ್ತಿ ನೋಡಿಕೊಳ್ಳುತ್ತಾ. "ಆದ್ರೆ ದಾರೀಲಿ ಬೀಳಲ್ಲ."

ಮರುದಿನ ನಾಲ್ಕು ಗಂಟೆಯ ಶಸ್ತ್ರಚಿಕಿತ್ಸೆ. ಜಠರದ ಮೂರರಲ್ಲಿ ಎರಡು ಪಾಲು ತೆಗೆಯುತ್ತಾರೆ. ಆ ನಾಲ್ಕು ಗಂಟೆಯಲ್ಲಿ ದುಲ್ಮಾ ಹದಿಮೂರು ಜನರನ್ನು ಅಳೆಯುತ್ತಾರೆ, ಒಬ್ಬರ ಎಡಗೈಯನ್ನು ಬಲಗೈ ಎಂದು ಬರೆದು ಹೊಡೆದು ಹಾಕುತ್ತಾರೆ. ಎರಡನೆಯ ದಿನ ಚೊಯ್ಜಿಲ್ ಹಾಸಿಗೆಯ ಅಂಚು ಹಿಡಿದು ಎದ್ದು ನಿಂತರೆಂಬ ಸುದ್ದಿ ಬರುತ್ತದೆ. ಹನ್ನೆರಡನೆಯ ದಿನ ಮನೆಗೆ. ಹೋಗುವ ಮುನ್ನ ಸಂಕೋಲೆ ಎರಡನ್ನೂ ಎತ್ತಿಕೊಳ್ಳುತ್ತಾರೆ. ಧನ್ಯವಾದ ಗಿನ್ಯವಾದ ಏನೂ ಇಲ್ಲ. "ನೀನು ಕುರಿ ತೂಗ್ತಿದ್ದೆ ಅಂತ ಕೇಳ್ದೆ," ಎನ್ನುತ್ತಾರೆ. "ಕುದುರೆ ಕಡೆ ಬರಬೇಕಿತ್ತು."

ಅಳತೆಯ ಕೆಲಸ ಅಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಮುಗಿಯುವುದಿಲ್ಲ. ಯಾರು ಉಳಿದರು, ಯಾರು ಇಲ್ಲ ಎಂದು ತಿಳಿಯದಿದ್ದರೆ ಅಳೆದು ಏನು ಬಂತು? ಎರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ದುಲ್ಮಾ ಫೋನ್ ಮಾಡುತ್ತಾರೆ. ಎಂಟು ವರ್ಷದಲ್ಲಿ ಅವರಿಗೆ ಅತಿ ಕಷ್ಟದ ಕೆಲಸ ಇದೇ. ಬದುಕಿದ್ದಾರಾ ಎಂದು ಯಾರನ್ನೂ ಕೇಳುವಂತಿಲ್ಲ, ಅಂಥ ಮಾತು ಬಾಯಲ್ಲಿ ಬರಬಾರದು. ಮಂದೆ ಸುಖವಾಗಿದೆಯಾ, ಹುಲ್ಲು ಚಿಗುರಿತಾ ಎಂದು ಕೇಳಿ, ಆ ಕಡೆಯವರು ತಾವಾಗಿ ಹೇಳುವ ತನಕ ಕಾಯಬೇಕು. ಕೆಲವರು ಹೇಳುವುದಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಕಾಗದದಲ್ಲಿ 'ಸುದ್ದಿ ಕೊಟ್ಟವರು' ಎಂದೊಂದು ಖಾನೆಯಿದೆ. ಅದರಲ್ಲಿ ಹೆಂಡತಿ, ಮಗ, ಅಳಿಯ, ನೆರೆಯವರು ಎಂದು ತುಂಬಿ ತುಂಬಿ ಅವರ ಕೈ ಸೋತಿದೆ.

ಮೇ ತಿಂಗಳ ಕೊನೆಯ ಸೋಮವಾರ, ಬೆಳಗಿನ ಒಂಬತ್ತು. ಚೊಯ್ಜಿಲ್ ಅವರ ಗುಡಾರದ ಹತ್ತಿರ ಸಿಗ್ನಲ್ ಇಲ್ಲ. ಹೇಳಿದ ಹೊತ್ತಿಗೆ ಮನೆಯವರು ಯಾರಾದರೂ ಗುಡ್ಡ ಹತ್ತಿ ನಿಲ್ಲುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ದುಲ್ಮಾ ಪೆನ್ನು ತೆರೆದಿಟ್ಟು ನಂಬರ್ ಒತ್ತುತ್ತಾರೆ. ಎರಡು ಸಲ ಹೋಗುವುದಿಲ್ಲ. ಮೂರನೆಯ ಸಲ ಯಾರೋ ಎತ್ತುತ್ತಾರೆ, ಮಾತಿಲ್ಲ. ಗಾಳಿ, ಆಮೇಲೆ ಬರೀ ಉಸಿರು. ಎಳೆದು ಎಳೆದು ಬರುವ ಉಸಿರು, ಅಳುವಿನ ಮುಂಚೆ ಬರುವಂಥದ್ದು. ದುಲ್ಮಾ ಮಂದೆಯ ಸುಖವನ್ನೂ ಕೇಳಲಾಗದೆ ಫೋನನ್ನು ಕಿವಿಗೆ ಹಿಡಿದು ಕೂತಿದ್ದಾರೆ. ಅವರ ಇನ್ನೊಂದು ಕೈ ಮೇಜಿನ ಅಂಚನ್ನು ಹಿಡಿದುಕೊಂಡಿದೆ.

"ತಡಿ ತಂಗಿ," ಎನ್ನುತ್ತದೆ ಆ ಕಡೆಯ ದನಿ ಕೊನೆಗೆ. "ಉಸಿರು ಹಿಡೀಲಿ. ಗುಡ್ಡ ಹತ್ತಿದೆ, ನಡ್ಕೊಂಡೇ. ಮೂರು ಕಡೆ ಕೂತೆ. ಇವಳು ಕುದುರೆ ಕೊಡಲ್ಲ ಅಂತಾಳೆ."

ಹಿಂದಿನಿಂದ ಬಾಲ್ಜಿದ್ ಏನೋ ಬೈಯುತ್ತಿರುವುದು ಕೇಳುತ್ತದೆ.

"ಮಂದೆ ಸುಖವಾಗಿದೆಯಾ ಅಣ್ಣ?" ಎಂದು ದುಲ್ಮಾ ಕೇಳುತ್ತಾರೆ.

"ಏಳು ಮರಿ ಹಾಕಿದ್ದಾವೆ. ಕಾಲು ಇಪ್ಪತ್ತೊಂಬತ್ತೂವರೆ, ಇವತ್ತೇ ಅಳೆದೆ. ಬರ್ಕೋ."

ಅವರು ಬರೆದುಕೊಳ್ಳುತ್ತಾರೆ. ಬರುವ ವರ್ಷ, ಅದರ ಮುಂದಿನ ವರ್ಷ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಫೋನ್ ಇಟ್ಟು ಅವರು ಕೊನೆಯ ಖಾನೆಗೆ ಬರುತ್ತಾರೆ. ಸುದ್ದಿ ಕೊಟ್ಟವರು: 'ಸ್ವತಃ'. ಬರೆದ ಅಕ್ಷರ ಖಾನೆಯ ಎರಡೂ ಗೆರೆ ದಾಟಿ ಪಕ್ಕದವರ ಹೆಸರಿನ ಮೇಲೆ ಹೋಗಿದೆ. ದುಲ್ಮಾ ಅದನ್ನು ನೋಡಿ ನಾಚಿಕೊಳ್ಳುತ್ತಾರೆ.

"ಈ ಒಂದು ಪದ ಬರೆಯುವಾಗ ಮಾತ್ರ ನನ್ನ ಅಕ್ಷರ ದೊಡ್ಡದಾಗಿಬಿಡುತ್ತೆ. ಡಾಕ್ಟ್ರು ಬೈತಾರೆ. ಬೈಲಿ."